ಮೂಲೆಯಿಲ್ಲದ ಸರಕು, ಮೂಲೆಯಿರುವ ಪೆಟ್ಟಿಗೆ

ಅತ್ತಿಬೆಲೆಯ ಗಡಿ ದಾಟಿ, ಹೊಸೂರು, ಶೂಲಗಿರಿ ಹಾದು ಕೃಷ್ಣಗಿರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳಿಗೆ ಬಿಡುವಿಲ್ಲ. ಅವುಗಳೊಳಗೆ ಏನಿದೆ ಎಂದು ಪಟ್ಟಿ ಮಾಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗುಲಾಬಿ, ಮಾವು, ಟೊಮ್ಯಾಟೊ, ಗ್ರಾನೈಟ್ ಕಲ್ಲು, ಮೋಟಾರ್‌ಸೈಕಲ್ಲಿನ ಸೈಲೆನ್ಸರ್: ಈ ಸೀಮೆ ಹೊರಗೆ ಕಳಿಸುವ ಸರಕಿನಲ್ಲಿ ನೆಟ್ಟಗೆ ಮೂಲೆ ಇರುವಂಥದ್ದು ತೀರಾ ಕಡಿಮೆ. ಎಲ್ಲವೂ ಹೋಗಬೇಕಾದದ್ದು ಮಾತ್ರ ಎಂಟು ಮೂಲೆಯ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆ ಹೋಗಬೇಕಾದದ್ದು ಇನ್ನೂ ದೊಡ್ಡದೊಂದು ಎಂಟು ಮೂಲೆಯ ಡಬ್ಬಿಯಲ್ಲಿ. ಸರಕಿಗೂ ಪೆಟ್ಟಿಗೆಗೂ ನಡುವೆ ಉಳಿಯುವ ಗಾಳಿಗೆ ಯಾರೋ ಒಬ್ಬರು ಬಾಡಿಗೆ ಕಟ್ಟುತ್ತಾರೆ. ಆ ಬಾಡಿಗೆ ತಗ್ಗಬೇಕಾದರೆ ಸರಕನ್ನು ಹೇಗೆ ಅಳೆಯಬೇಕು ಎಂಬ ಪ್ರಶ್ನೆಗೆ ಇಲ್ಲಿನ ಒಂದೊಂದು ಕಸುಬೂ ಒಂದೊಂದು ಉತ್ತರ ಕಂಡುಕೊಂಡಿದೆ. ಆ ಉತ್ತರಗಳನ್ನು ಒಟ್ಟಿಗಿಟ್ಟು ನೋಡುವುದು ಈ ಲೇಖನದ ಕೆಲಸ.

ಸೀಮೆಯ ಬಗ್ಗೆ ಎರಡು ಮಾತು. ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆ ಆದದ್ದು 2004ರ ಫೆಬ್ರವರಿಯಲ್ಲಿ. ಹೊಸೂರು, ತಳಿ, ಡೆಂಕಣಿಕೋಟೆಯ ಕಡೆ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ, 1980ರ ಸುಮಾರಿಗೆ ಅಶೋಕ್ ಲೇಲ್ಯಾಂಡ್, ಟಿವಿಎಸ್ ಇಲ್ಲಿ ನೆಲೆಯೂರಿದವು. ಅದೇ ದಶಕದಲ್ಲಿ ಟೈಟಾನ್ ಗಡಿಯಾರಗಳೂ ಬಂದವು. ಬೆಂಗಳೂರಿನ ಹವೆ, ಬೆಂಗಳೂರಿನ ವಿಮಾನ ನಿಲ್ದಾಣ, ಚೆನ್ನೈ ಬಂದರು ಮೂರೂ ಒಂದು ರಾತ್ರಿಯ ದಾರಿಯೊಳಗೆ ಸಿಗುವ ಊರು ಇದು. ಹಾಗಾಗಿಯೇ ವಿಮಾನಕ್ಕೆ, ಹಡಗಿಗೆ, ಲಾರಿಗೆ ಮೂರಕ್ಕೂ ಇಲ್ಲಿ ಸರಕು ಕಟ್ಟುತ್ತಾರೆ, ಮೂರರ ಲೆಕ್ಕವೂ ಬೇರೆ.

ಮೊದಲು ಆ ಲೆಕ್ಕ. ವಿಮಾನದ ಸರಕಿಗೆ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬಂದದ್ದು ಗಾತ್ರದ ತೂಕ, ಕಿಲೋ ಲೆಕ್ಕದಲ್ಲಿ. ತಕ್ಕಡಿ ಹೇಳುವ ತೂಕಕ್ಕಿಂತ ಇದು ಹೆಚ್ಚಾದರೆ ಬಾಡಿಗೆ ಇದಕ್ಕೆ, ಕಡಿಮೆಯಾದರೆ ತಕ್ಕಡಿಯ ತೂಕಕ್ಕೆ. ಕೊರಿಯರ್‌ನವರು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಅಂದರೆ ಗಾಳಿಗೆ ಅವರ ದರ ಇನ್ನೂ ಜಾಸ್ತಿ. ಹಡಗಿನಲ್ಲಿ ಬಿಡಿಯಾಗಿ ಕಳಿಸುವ ಸರಕಿಗೆ ಒಂದು ಘನ ಮೀಟರನ್ನು ಒಂದು ಟನ್ನಿಗೆ ಸಮ ಹಿಡಿಯುತ್ತಾರೆ. ಗಾತ್ರಕ್ಕೆ ಬಾಡಿಗೆ ಕೇಳುವುದು ಬರೀ ವಿಮಾನದವರ ಹಟ ಎಂದುಕೊಂಡಿದ್ದವರಿಗೆ 2015ರ ಹೊತ್ತಿಗೆ ಉತ್ತರ ಸಿಕ್ಕಿತು. ಅಮೆರಿಕದ ಯುಪಿಎಸ್ ಮತ್ತು ಫೆಡೆಕ್ಸ್ ಅಲ್ಲಿಯವರೆಗೆ ಮೂರು ಘನ ಅಡಿಗಿಂತ ದೊಡ್ಡ ಪೆಟ್ಟಿಗೆಗಳಿಗಷ್ಟೇ ಹಾಕುತ್ತಿದ್ದ ಈ ಲೆಕ್ಕವನ್ನು ರಸ್ತೆಯಲ್ಲಿ ಹೋಗುವ ಸಣ್ಣ ಪಾರ್ಸೆಲ್‌ಗಳಿಗೂ ಹಾಕತೊಡಗಿದವು.

6000ದ ಲೆಕ್ಕವನ್ನು ತಿರುಗಿಸಿ ಹೇಳಿದರೆ ಒಂದು ಉಪಯೋಗದ ಗೆರೆ ಸಿಗುತ್ತದೆ: ಒಂದು ಘನ ಮೀಟರಿಗೆ 167 ಕಿಲೋ. ಕಟ್ಟಿದ ಪೆಟ್ಟಿಗೆ ಈ ಗೆರೆಗಿಂತ ಹಗುರವಾದರೆ ನೀವು ಜಾಗಕ್ಕೆ ದುಡ್ಡು ಕೊಡುತ್ತಿದ್ದೀರಿ, ಭಾರವಾದರೆ ತೂಕಕ್ಕೆ. ಗುಲಾಬಿ ಗೆರೆಯ ಈಚೆಗಿದೆ. ಮಾವು ಆಚೆಗಿದೆ. ಕಲ್ಲಿನ ಮಾತೇ ಬೇರೆ. ಈ ಒಂದು ವ್ಯತ್ಯಾಸ ತಿಳಿಯದೆ ಎಲ್ಲರೂ ಪೆಟ್ಟಿಗೆಯನ್ನು ಚಿಕ್ಕದು ಮಾಡುವ ಹಿಂದೆ ಬೀಳುತ್ತಾರೆ. ಅದು ಎಲ್ಲ ಸರಕಿಗೂ ಲಾಭ ತರುವ ಉಪಾಯವಲ್ಲ.

ಗುಲಾಬಿಯಿಂದ ಶುರು ಮಾಡೋಣ, ಏಕೆಂದರೆ ಇದಕ್ಕಿಂತ ಮೊಂಡು ಆಕಾರ ಸಿಗುವುದು ಕಷ್ಟ. ಹೊಸೂರಿನ ಸುತ್ತ, ಬಾಗಲೂರು, ಬೇರಿಗೈ, ಕೆಲಮಂಗಲ, ತಳಿಯ ಕಡೆ ಪಾಲಿಹೌಸ್‌ಗಳಲ್ಲಿ ಬೆಳೆಯುವ ಹೂವು ಫೆಬ್ರವರಿ 14ರ ಮುಂಚಿನ ವಾರಗಳಲ್ಲಿ ವಿಮಾನ ಹತ್ತುತ್ತದೆ. ಅಮುದಗೊಂಡಪಳ್ಳಿಯ ತಾನ್‌ಫ್ಲೋರಾ ಹೂಬನ ಈ ಕಸುಬಿನ ದೊಡ್ಡ ಹೆಸರುಗಳಲ್ಲೊಂದು. ತಾಜ್‌ಮಹಲ್ ಎಂಬ ಕೆಂಪು ತಳಿ ಈ ಭಾಗದ ರಫ್ತಿನ ಗುರುತು. ಒಂದು ಹೂವನ್ನು ತೆಗೆದುಕೊಳ್ಳಿ: ಮೊಗ್ಗು ಐದಾರು ಸೆಂಟಿಮೀಟರ್ ದಪ್ಪ, ಕಡ್ಡಿ ಪೆನ್ಸಿಲಿನಷ್ಟೂ ಇಲ್ಲ, ಉದ್ದ ಅರ್ಧ ಮೀಟರಿನ ಆಚೀಚೆ. ಇದಕ್ಕೆ ತಕ್ಕ ಪೆಟ್ಟಿಗೆ ಮಾಡಿದರೆ ತುಂಬಾ ಭಾಗ ಕಡ್ಡಿಯ ಸುತ್ತಲಿನ ಗಾಳಿಯೇ. ಆದ್ದರಿಂದ ಹೂವನ್ನು ಯಾರೂ ಒಂದೊಂದಾಗಿ ಅಳೆಯುವುದಿಲ್ಲ. ಕಡ್ಡಿಯ ಉದ್ದವನ್ನು 40, 50, 60, 70 ಸೆಂಟಿಮೀಟರ್ ಎಂದು ಹತ್ತು ಹತ್ತರ ಮೆಟ್ಟಿಲಲ್ಲಿ ವಿಂಗಡಿಸಿ, 20 ಹೂವಿಗೆ ಒಂದು ಬಂಚ್ ಮಾಡಿ, ಮೊಗ್ಗಿನ ಸುತ್ತ ರಟ್ಟಿನ ಹಾಳೆ ಸುತ್ತುತ್ತಾರೆ. ಅಲ್ಲಿಂದಾಚೆ ಅಳತೆಯೆಲ್ಲ ಬಂಚಿನದು.

ಬಂಚನ್ನು ಪೆಟ್ಟಿಗೆಯಲ್ಲಿ ಇಡುವ ರೀತಿಯೇ ಈ ವಿದ್ಯೆಯ ತಿರುಳು. ಅರ್ಧ ಬಂಚುಗಳ ತಲೆ ಪೆಟ್ಟಿಗೆಯ ಈ ತುದಿಗೆ, ಇನ್ನರ್ಧದ ತಲೆ ಆ ತುದಿಗೆ. ಕಡ್ಡಿಗಳೆಲ್ಲ ನಡುವೆ ಒಂದರ ಮೇಲೊಂದು ಹಾಯುತ್ತವೆ. ದಪ್ಪ ತಲೆ ಎರಡು ಕಡೆ ಹಂಚಿಹೋಗುತ್ತದೆ, ತೆಳು ಕಡ್ಡಿ ನಡುವಿನ ಜಾಗ ತುಂಬುತ್ತದೆ. ಪೆಟ್ಟಿಗೆ ಓರೆಯಾದಾಗ ಹೂವು ಜಾರದಂತೆ ಕಡ್ಡಿಗಳ ಮೇಲೆ ಅಡ್ಡಪಟ್ಟಿ ಬಿಗಿಯುತ್ತಾರೆ. ತಲೆಗೂ ಪೆಟ್ಟಿಗೆಯ ಗೋಡೆಗೂ ನಡುವೆ 6ರಿಂದ 10 ಸೆಂಟಿಮೀಟರ್ ಬಿಡಬೇಕು. ಅಷ್ಟು ಜಾಗ ವ್ಯರ್ಥವಲ್ಲ. ಪಕಳೆ ನಲುಗದಿರಲು ಅದು ಬೇಕು, ಗೋಡೆಯ ತೂತಿನಿಂದ ಊದುವ ತಣ್ಣನೆಯ ಗಾಳಿ ಒಳಗೆ ಹರಡಲೂ ಬೇಕು. ಹೂವನ್ನು ಒತ್ತೊತ್ತಾಗಿ ತುಂಬಿ ತೂತು ಮುಚ್ಚಿಸಿಬಿಟ್ಟರೆ ಪೆಟ್ಟಿಗೆಯ ನಡುಭಾಗ ತಣಿಯುವುದೇ ಇಲ್ಲ, ಅಲ್ಲಿನ ಮೊಗ್ಗು ದಾರಿಯಲ್ಲೇ ಅರಳುತ್ತದೆ. ಅರಳಿದ ಗುಲಾಬಿಗೆ ರಫ್ತಿನಲ್ಲಿ ಬೆಲೆಯಿಲ್ಲ.

ಇಲ್ಲಿ ಮುಚ್ಚಳದ ಎತ್ತರ ಎಷ್ಟು ಮುಖ್ಯ ಎಂಬುದಕ್ಕೆ ಸಣ್ಣ ಲೆಕ್ಕ. ಪೆಟ್ಟಿಗೆ 100 × 40 × 25 ಸೆಂಟಿಮೀಟರ್, ತಕ್ಕಡಿಯಲ್ಲಿ 12 ಕಿಲೋ ಎಂದಿಟ್ಟುಕೊಳ್ಳಿ. ಗಾತ್ರದ ತೂಕ 16.67, ಅರ್ಧ ಕಿಲೋದ ಮೇಲ್ಮೆಟ್ಟಿಲಿಗೆ ಏರಿಸಿದರೆ 17 ಕಿಲೋದ ಬಾಡಿಗೆ. ಬಂಚುಗಳನ್ನು ಇನ್ನಷ್ಟು ಅಚ್ಚುಕಟ್ಟಾಗಿ ಜೋಡಿಸಿ ಎತ್ತರವನ್ನು 20ಕ್ಕೆ ಇಳಿಸಿದರೆ 13.33, ಅಂದರೆ 13.5 ಕಿಲೋದ ಬಾಡಿಗೆ. ಹೂವು ಅದೇ, ಸಂಖ್ಯೆ ಅದೇ, ವಿಮಾನವೂ ಅದೇ. ಮೂರೂವರೆ ಕಿಲೋ ಗಾಳಿಯ ಬಾಡಿಗೆ ಉಳಿಯಿತು. ಒಂದು ಹಂಗಾಮಿಗೆ ಸಾವಿರಾರು ಪೆಟ್ಟಿಗೆ ಕಳಿಸುವವರಿಗೆ ಇದು ಚಿಲ್ಲರೆ ಹಣವಲ್ಲ.

ಗುಲಾಬಿ ಕಲಿಸುವ ಪಾಠ ಇಡೀ ವಿಷಯಕ್ಕೆ ಬುಡ ಎಂದು ನನ್ನ ಅಭಿಪ್ರಾಯ. ಒಂಟಿ ವಸ್ತುವಿನ ಅಳತೆಯಿಂದ ಪೆಟ್ಟಿಗೆ ಆರಿಸಬಾರದು. ಎರಡನೆಯ ವಸ್ತು ಬಂದು ಮೊದಲನೆಯದರ ಪಕ್ಕದಲ್ಲಿ ಕೂತಾಗ ಅಳತೆ ಎಷ್ಟು ಬೆಳೆಯಿತು ಎಂದು ನೋಡಬೇಕು. ಮದುವೆ ಮಂಟಪದ ಪ್ಲಾಸ್ಟಿಕ್ ಕುರ್ಚಿಯ ಹಾಗೆ: ಮೊದಲನೆಯ ಕುರ್ಚಿ ತಿನ್ನುವ ಎತ್ತರ ಒಂದು, ಅದರ ಮೇಲೆ ಕೂರುವ ಎರಡನೆಯದು ತಿನ್ನುವುದು ಅದರ ಹತ್ತನೇ ಒಂದು ಭಾಗ.

ಇದನ್ನು ಚೆನ್ನಾಗಿ ಅರಿತವರು ಹೊಸೂರಿನ ಬಿಡಿಭಾಗದ ಕಾರ್ಖಾನೆಗಳವರು. ಬಡಗಿಯ ಮೂಲೆಮಟ್ಟದ ಆಕಾರದ ಒಂದು ಬ್ರ್ಯಾಕೆಟ್ ಇದೆಯೆನ್ನಿ: ಒಂದು ತೋಳು 60 ಸೆಂಟಿಮೀಟರ್, ಇನ್ನೊಂದು 40, ಅಗಲವೂ ದಪ್ಪವೂ 10. ಒಂದನ್ನು ಅಳೆದು ಪೆಟ್ಟಿಗೆ ಮಾಡಿದರೆ 60 × 40 × 10, ಅಂದರೆ 24,000 ಘನ ಸೆಂಟಿಮೀಟರ್. ಎರಡಕ್ಕೆ ಎರಡು ಪೆಟ್ಟಿಗೆ, 48,000. ಈಗ ಎರಡನೆಯದನ್ನು ತಲೆಕೆಳಗು ತಿರುಗಿಸಿ ಮೊದಲನೆಯದಕ್ಕೆ ಎದುರಾಗಿ ಇಡಿ. ಎರಡೂ ಸೇರಿ ಚೌಕಟ್ಟಿನಂತಾಗಿ 70 × 40 × 10ರಲ್ಲಿ ಕೂರುತ್ತವೆ: 28,000. ಎರಡನೆಯದಕ್ಕೆ ಬೇಕಾದದ್ದು ಹತ್ತೇ ಸೆಂಟಿಮೀಟರ್. ಕೊರಿಯರ್ ಲೆಕ್ಕದಲ್ಲಿ 9.6 ಕಿಲೋ ಇದ್ದದ್ದು 5.6ಕ್ಕೆ ಇಳಿಯಿತು. ಸೈಲೆನ್ಸರಿನ ಬಾಗಿದ ಕೊಳವೆ, ಹ್ಯಾಂಡಲ್‌ಬಾರ್, ಫೂಟ್‌ರೆಸ್ಟ್ ಎಲ್ಲಕ್ಕೂ ಇದೇ ತಂತ್ರ. ಒಂದರ ಡೊಂಕಿನೊಳಗೆ ಇನ್ನೊಂದರ ಡೊಂಕು.

ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗುವ ಬಿಡಿಭಾಗಕ್ಕೆ ರಟ್ಟಿನ ಪೆಟ್ಟಿಗೆಯೂ ಬೇಡ. 600 × 400 ಮಿಲಿಮೀಟರ್ ತಳದ ಪ್ಲಾಸ್ಟಿಕ್ ಬಿನ್‌ಗಳು ದಿನವೂ ಹೋಗಿ ಬರುತ್ತವೆ. ಒಳಗೆ ಆಯಾ ಭಾಗದ ಆಕಾರಕ್ಕೇ ಅಚ್ಚು ಹಾಕಿದ ಟ್ರೇ. ಆ ಗುಳಿಗಳಲ್ಲಿ ಭಾಗ ಕೂತರೆ ಎಣಿಸುವ ಕೆಲಸವೂ ಮುಗಿದಂತೆ, ಖಾಲಿ ಗುಳಿ ಕಣ್ಣಿಗೆ ಬೀಳುತ್ತದೆ. ಆದರೆ ಟ್ರೇ ಮಾಡಿಸುವವರು ಒಂದು ಮರೆಯುತ್ತಾರೆ: ವಾಪಸು ಬರುವ ಲಾರಿಯಲ್ಲಿ ಸರಕು ಇಲ್ಲ, ಟ್ರೇ ಮಾತ್ರ. ಖಾಲಿ ಟ್ರೇ ಒಂದರೊಳಗೊಂದು ಕೂರದಿದ್ದರೆ ಹೋಗುವಾಗ ಉಳಿಸಿದ್ದು ಬರುವಾಗ ಖರ್ಚಾಗುತ್ತದೆ.

ಇಡೀ ಮೋಟಾರ್‌ಸೈಕಲ್ಲನ್ನು ಹಡಗಿಗೆ ಹಾಕುವವರ ದಾರಿ ಇನ್ನೂ ನಿಷ್ಠುರವಾದದ್ದು. ಗಾಡಿಯ ಹೊರ ಅಳತೆಯನ್ನು ಹಿಗ್ಗಿಸುವುದು ಎಂಜಿನ್ ಅಲ್ಲ, ಹ್ಯಾಂಡಲ್‌ಬಾರ್, ಕನ್ನಡಿ, ಮುಂದಿನ ಚಕ್ರ. ಅವನ್ನು ಬಿಚ್ಚಿ ಎಂಜಿನ್ನಿನ ಪಕ್ಕದ ಸಂದಿಗಳಲ್ಲಿ ಸೇರಿಸಿ ಉಕ್ಕಿನ ಚೌಕಟ್ಟಿಗೆ ಕಟ್ಟಿದರೆ ಒಂದು ಗಾಡಿಯ ಜಾಗದಲ್ಲಿ ಇನ್ನೊಂದರ ಪಾಲೂ ಸೇರುತ್ತದೆ. ಯಾವ ಸರಕನ್ನೇ ಅಳೆಯುವಾಗಲೂ ಈ ಪ್ರಶ್ನೆ ಕೇಳಿಕೊಳ್ಳಬಹುದು: ಹೊರ ಅಳತೆಯ ಆರು ಬದಿಗಳನ್ನು ಮುಟ್ಟುತ್ತಿರುವುದು ಯಾವ ಯಾವ ಚಾಚು? ಅವುಗಳಲ್ಲಿ ಬಿಚ್ಚಲು ಬರುವುದು ಯಾವುದು?

ಇನ್ನು ಕೈಯಲ್ಲಿ ಟೇಪು ಹಿಡಿದು ಅಳೆಯುವ ಬಗೆ. ಡೊಂಕು ವಸ್ತುವಿಗೆ ನೇರವಾಗಿ ಟೇಪು ಇಟ್ಟರೆ ಟೇಪು ಎಲ್ಲಿಂದ ಎಲ್ಲಿಗೆ ಎಂಬುದೇ ತಿಳಿಯುವುದಿಲ್ಲ. ಗೋಡೆಯ ಮೂಲೆಗೆ ವಸ್ತುವನ್ನು ಒತ್ತಿ, ಎದುರು ಎರಡು ಬದಿಗೆ ಹಲಗೆ ನೆಟ್ಟಗೆ ನಿಲ್ಲಿಸಿ, ಮೇಲೊಂದು ಹಲಗೆ ಮಲಗಿಸಿ, ಗೋಡೆಯಿಂದ ಹಲಗೆಗೆ ಅಳೆಯಬೇಕು. ಪ್ಯಾಕಿಂಗ್ ಶೆಡ್‌ಗಳಲ್ಲಿ ನಡೆಯುವುದು ಇಷ್ಟೇ, ಇದಕ್ಕಿಂತ ಸರಳವಾದ ಸರಿಯಾದ ಉಪಾಯವೂ ಇಲ್ಲ. ತಿರುಗಿಸಿ ಇಟ್ಟರೆ ಅಳತೆ ಬದಲಾಗುತ್ತದಲ್ಲ, ಯಾವ ಕೋನ ಸರಿ? ಇದಕ್ಕೆ ಗಣಿತದವರ ಬಳಿ ಒಂದು ಚಂದದ ಉತ್ತರವಿದೆ. ಚಪ್ಪಟೆ ವಸ್ತುವಿನ ಸುತ್ತ ದಾರ ಬಿಗಿಯಾಗಿ ಎಳೆದರೆ ದಾರ ಅಲ್ಲಲ್ಲಿ ನೇರ ಗೆರೆಯಾಗಿ ನಿಲ್ಲುತ್ತದೆ. ಅತಿ ಚಿಕ್ಕ ಆಯತದ ಒಂದು ಬದಿ ಆ ನೇರ ಗೆರೆಗಳಲ್ಲಿ ಒಂದರ ಮೇಲೆ ಮಲಗಿಯೇ ಇರುತ್ತದೆ ಎಂದು 1975ರಲ್ಲಿ ಫ್ರೀಮನ್ ಮತ್ತು ಶಪೀರಾ ತೋರಿಸಿದರು. ಅಂದರೆ ಎಲ್ಲ ಕೋನಗಳನ್ನೂ ಪರೀಕ್ಷಿಸಬೇಕಿಲ್ಲ. ಗೋಡೆಗೆ ಎರಡು ಕಡೆ ತಾಕಿ ಅಲ್ಲಾಡದೆ ನಿಲ್ಲುವ ಭಂಗಿಗಳನ್ನು ಮಾತ್ರ ಅಳೆದರೆ ಸಾಕು, ಅವು ಸಾಮಾನ್ಯವಾಗಿ ಕೆಲವೇ ಇರುತ್ತವೆ. ಮೂರು ಆಯಾಮದ ವಸ್ತುವಿಗೆ 1985ರಲ್ಲಿ ಜೋಸೆಫ್ ಓರೂರ್ಕ್ ದಾರಿ ಕಂಡುಹಿಡಿದರು, ಅದು ಕಂಪ್ಯೂಟರಿನ ಕೆಲಸ.

ಮಾವಿನ ಕಥೆ ಬೇರೆ. ಕೃಷ್ಣಗಿರಿಯ ಮಂಡಿಗಳಲ್ಲಿ ಗಿಣಿಮೂತಿ, ಸೆಂದೂರ, ನೀಲಂ, ಬಾದಾಮಿ ಎಲ್ಲ ಸಿಗುತ್ತವೆ. ಅತಿ ಹೆಚ್ಚು ಕಾಣುವುದು ಗಿಣಿಮೂತಿ, ಅಂದರೆ ತೋತಾಪುರಿ. ತಮಿಳಿನವರು ಅದನ್ನು ಬೆಂಗಳೂರಾ ಅನ್ನುತ್ತಾರೆ. ಗುಂಡಗಿರುವ ಹಣ್ಣನ್ನು ಹೇಗೆ ಪೇರಿಸಿದರೆ ಒತ್ತಾಗಿ ಕೂರುತ್ತದೆ ಎಂಬ ಪ್ರಶ್ನೆ ಹಳೆಯದು. ಗುಂಡುಗಳ ರಾಶಿಯಲ್ಲಿ ಎಷ್ಟಿವೆ ಎಂದು ಎಣಿಸುವ ಸೂತ್ರ 499ರ ಆರ್ಯಭಟೀಯದಲ್ಲೇ ಇದೆ. ಕೆಪ್ಲರ್ 1611ರಲ್ಲಿ, ಹಣ್ಣಿನಂಗಡಿಯವರು ಪೇರಿಸುವ ರೀತಿಗಿಂತ ಒತ್ತಾಗಿ ಗುಂಡುಗಳನ್ನು ಕೂರಿಸಲು ಸಾಧ್ಯವಿಲ್ಲ ಎಂದು ಊಹಿಸಿದ. ಆ ರೀತಿಯಲ್ಲಿ ಜಾಗದ ಶೇ. 74ರಷ್ಟು ತುಂಬುತ್ತದೆ. ಊಹೆಯನ್ನು ಥಾಮಸ್ ಹೇಲ್ಸ್ ಸಾಧಿಸಿದ್ದು 1998ರಲ್ಲಿ. ಆ ಸಾಧನೆಯಲ್ಲಿ ಹುಳುಕಿಲ್ಲವೆಂದು ಕಂಪ್ಯೂಟರಿನಿಂದ ಖಾತ್ರಿಯಾದದ್ದು 2014ರಲ್ಲಿ. ನಾಲ್ಕು ನೂರು ವರ್ಷ ಹಣ್ಣಿನಂಗಡಿಯವರೇನೂ ಅದಕ್ಕಾಗಿ ಕಾದು ಕೂರಲಿಲ್ಲ.

ಮಂಡಿಯಲ್ಲಿ ಹಣ್ಣು ಸುರಿಯುತ್ತಾರೆ, ಜೋಡಿಸುವುದಿಲ್ಲ. ಗುಂಡುಗಳನ್ನು ಸುಮ್ಮನೆ ಸುರಿದು ಕುಲುಕಿದರೆ ತುಂಬುವುದು ಶೇ. 64ರಷ್ಟು ಮಾತ್ರ. 2004ರಲ್ಲಿ ಪ್ರಿನ್ಸ್‌ಟನ್ನಿನ ಸಂಶೋಧಕರು ಚಪ್ಪಟೆ ಚಾಕೊಲೇಟ್ ಗುಳಿಗೆಗಳನ್ನು ಸುರಿದು ನೋಡಿ, ಗುಂಡಿಗಿಂತ ತುಸು ಚಪ್ಪಟೆಯಾದದ್ದು ಹೆಚ್ಚು ಒತ್ತಾಗಿ, ಶೇ. 68 ದಾಟಿ ಕೂರುತ್ತದೆ ಎಂದು ತೋರಿಸಿದರು. ಮಾವು ಆ ಜಾತಿಯ ಆಕಾರ. ಕಿತ್ತಳೆಗಿಂತ ಮಾವು ಕ್ರೇಟಿನಲ್ಲಿ ಒತ್ತಾಗಿ ಕೂರಬೇಕು. ಗಿಣಿಮೂತಿಯ ಕೊಕ್ಕು ಮಾತ್ರ ಪಕ್ಕದ ಹಣ್ಣಿಗೆ ಚುಚ್ಚುತ್ತದೆ, ಆ ಮಾತು ಬೇರೆ.

ಹಾಗಾದರೆ ಎಷ್ಟು ಒತ್ತಾದರೆ ಅಷ್ಟು ಒಳ್ಳೆಯದೇ? ಅಲ್ಲ. ಕ್ರೇಟಿನ ಎತ್ತರವನ್ನು ತೀರ್ಮಾನಿಸುವುದು ಲಾರಿಯಲ್ಲ, ಅಡಿಯ ಸಾಲಿನ ಹಣ್ಣು. ರಾಯಕೋಟೆಯ ಟೊಮ್ಯಾಟೊ ಮಾರುಕಟ್ಟೆಯಲ್ಲಿ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಕ್ರೇಟು ಒಂದರ ಮೇಲೊಂದು ಕೂತಾಗ ಭಾರ ಹೊರುವುದು ಕ್ರೇಟಿನ ಗೋಡೆ, ಒಳಗಿನ ಹಣ್ಣಲ್ಲ. ಆದರೆ ಹಮಾಲಿ ಕಂಠಮಟ್ಟ ಮೀರಿ ಗೋಪುರದಂತೆ ತುಂಬಿದರೆ ಮೇಲಿನ ಕ್ರೇಟು ಹಣ್ಣಿನ ಮೇಲೇ ಕೂರುತ್ತದೆ. ಕೋಲಾರದ ಕಡೆ 15 ಕಿಲೋದ ಟೊಮ್ಯಾಟೊ ಬಾಕ್ಸಿನಲ್ಲಿ ವ್ಯಾಪಾರ ನಡೆಯುವುದಕ್ಕೂ, ಹಿಂದಿನ ಬಿದಿರ ಮಂಕರಿ ಮೂಲೆ ಸೇರಿದ್ದಕ್ಕೂ ಇದೇ ಕಾರಣ. ಮಂಕರಿ ಗುಂಡಗಿತ್ತು, ಗೋಡೆ ಬಾಗುತ್ತಿತ್ತು, ಭಾರವೆಲ್ಲ ಹಣ್ಣಿಗೆ ಇಳಿಯುತ್ತಿತ್ತು.

ರಫ್ತಿಗೆ ಹೋಗುವ ಬಾದಾಮಿ ಹಣ್ಣನ್ನು ಒಂದೇ ಸಾಲಿನ ತಗ್ಗು ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. 38 × 28 × 10 ಸೆಂಟಿಮೀಟರಿನ ಪೆಟ್ಟಿಗೆಗೆ ಗಾತ್ರದ ತೂಕ 1.8 ಕಿಲೋವೂ ಬರುವುದಿಲ್ಲ, ಒಳಗೆ ಮೂರು ಕಿಲೋ ಹಣ್ಣಿರುತ್ತದೆ. ಬಾಡಿಗೆ ತಕ್ಕಡಿಯದು. ಆದ್ದರಿಂದ ಮಾವಿಗೆ ಪೆಟ್ಟಿಗೆಯನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಕೊರೆಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಆ ಜಾಗವನ್ನು ಹಣ್ಣಿಗೆ ತೊಡಿಸುವ ಜಾಲರಿಗೆ, ಗಾಳಿಯ ತೂತಿಗೆ ಕೊಡುವುದು ಲಾಭ. ಅಂದಹಾಗೆ, ಹಣ್ಣಿನ ನಿಜವಾದ ಘನ ಅಳತೆ ಬೇಕೆಂದರೆ ಆರ್ಕಿಮಿಡೀಸ್ ಮಾಡಿದಂತೆ ನೀರಿಗೆ ಹಾಕಿದರಾಯಿತು. ಕಾಯಿ ಬಲಿತಿದೆಯೇ ಎಂದು ತಿಳಿಯಲೂ ನೀರಿಗೇ ಹಾಕುತ್ತಾರೆ, ಬಲಿತದ್ದು ಮುಳುಗುತ್ತದೆ.

ಗಿಣಿಮೂತಿಗೆ ಮಾತ್ರ ಈ ಸೀಮೆ ಕಂಡುಕೊಂಡ ಉತ್ತರ ಎಲ್ಲಕ್ಕಿಂತ ಖಡಾಖಂಡಿತ: ಆಕಾರವನ್ನೇ ಅಳಿಸಿಬಿಡುವುದು. ಕೃಷ್ಣಗಿರಿ ಸುತ್ತಲಿನ ಪಲ್ಪ್ ಕಾರ್ಖಾನೆಗಳಲ್ಲಿ ಹಣ್ಣನ್ನು ತಿರುಳು ಮಾಡಿ, ಸೋಂಕು ಸೇರದ ಚೀಲದಲ್ಲಿ ತುಂಬಿ, ಚೀಲವನ್ನು ಉಕ್ಕಿನ ಡ್ರಮ್ಮಿನಲ್ಲಿ ಇಳಿಸುತ್ತಾರೆ. ಒಂದು ಡ್ರಮ್ಮಿಗೆ 215 ಕಿಲೋ. 20 ಅಡಿಯ ಕಂಟೇನರಿಗೆ 80 ಡ್ರಮ್, ಒಟ್ಟು 17.2 ಟನ್, ಈ ವ್ಯಾಪಾರದಲ್ಲಿ ಎಲ್ಲರಿಗೂ ಬಾಯಿಪಾಠವಾದ ಅಂಕಿ ಇದು. ಈ 80 ಎಲ್ಲಿಂದ ಬಂತು ಎಂದು ನೋಡುವುದು ಸ್ವಾರಸ್ಯ. ಕಂಟೇನರಿನ ಒಳ ಅಳತೆ ಸುಮಾರು 590 × 235 × 239 ಸೆಂಟಿಮೀಟರ್. ಡ್ರಮ್ಮಿನ ಅಡ್ಡಳತೆ ಸುಮಾರು 58.5, ಎತ್ತರ 89ರ ಹತ್ತಿರ. ಅಗಲಕ್ಕೆ ನಾಲ್ಕು, ಉದ್ದಕ್ಕೆ ಹತ್ತು, ಎರಡು ಅಂತಸ್ತು. ನಾಲ್ಕು ಡ್ರಮ್ ಸೇರಿ 234, ಕಂಟೇನರ್ 235. ಒಂದು ಡ್ರಮ್ಮಿನ ಹೊಟ್ಟೆ ಉಬ್ಬಿದ್ದರೆ ಆ ಸಾಲು ಒಳಗೆ ಹೋಗುವುದಿಲ್ಲ.

ಶಾಲೆಯ ಗಣಿತ ಓದಿದವರು ಇಲ್ಲಿ ತಡೆಯಬಹುದು: ದುಂಡಗಿನವನ್ನು ನೇರ ಸಾಲಲ್ಲಿ ಇಟ್ಟರೆ ನೆಲದ ಶೇ. 78.5 ಮಾತ್ರ ತುಂಬುತ್ತದೆ, ಸಂದಿಗೆ ಸಂದಿ ಸೇರಿಸಿ ಜೇನುಗೂಡಿನ ಮಾದರಿಯಲ್ಲಿ ಇಟ್ಟರೆ ಶೇ. 90.7 ತುಂಬುತ್ತದಲ್ಲ? ಹಾಗೆ ಇಟ್ಟು ನೋಡಿ. ಒಂದು ಸಾಲಿಗೆ ನಾಲ್ಕು, ಮುಂದಿನ ಸಾಲಿಗೆ ಮೂರೇ, ಏಕೆಂದರೆ ಅರ್ಧ ಡ್ರಮ್ ಸರಿಯುವಷ್ಟು ಅಗಲ ಇಲ್ಲ. ಉದ್ದದಲ್ಲಿ ಹನ್ನೊಂದು ಸಾಲು ಹಿಡಿಯುತ್ತವೆ: ನಾಲ್ಕರ ಸಾಲು ಆರು, ಮೂರರ ಸಾಲು ಐದು. ಒಂದು ಅಂತಸ್ತಿಗೆ ಒಟ್ಟು 39. ನೇರ ಸಾಲಿನಲ್ಲಿ 40. ಕೊನೆಯಿಲ್ಲದ ನೆಲದ ಮೇಲೆ ಗೆಲ್ಲುವ ಜೋಡಣೆ ಗೋಡೆಯಿರುವ ಪೆಟ್ಟಿಗೆಯಲ್ಲಿ ಒಂದು ಡ್ರಮ್ಮಿನಿಂದ ಸೋಲುತ್ತದೆ. ಮೇಲೆ 60 ಸೆಂಟಿಮೀಟರ್ ಜಾಗ ಖಾಲಿ ಉಳಿಯುತ್ತದೆ, ಮೂರನೇ ಅಂತಸ್ತಿಗೆ ಸಾಲದು. ಅದನ್ನು ತುಂಬಲು ಡ್ರಮ್ಮಿನ ಆಕಾರ ಬದಲಿಸಲು ಯಾರೂ ಹೋಗಿಲ್ಲ. ಜಗತ್ತಿನ ಬಹಳಷ್ಟು ತಂಪು ಪಾನೀಯದ ಕಾರ್ಖಾನೆಗಳು ಈ ಡ್ರಮ್ಮನ್ನು ಎತ್ತುವ ಯಂತ್ರ ಇಟ್ಟುಕೊಂಡಿರುವಾಗ ಆ ಅರ್ಧ ಮೀಟರ್ ಗಾಳಿಯ ಬಾಡಿಗೆಯೇ ಅಗ್ಗ.

ಕಲ್ಲಿನ ಕಡೆ ಬಂದರೆ ಲೆಕ್ಕ ತಲೆಕೆಳಗು. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್. 20 ಅಡಿ ಕಂಟೇನರಿನ ಒಳಗೆ 33 ಘನ ಮೀಟರ್ ಜಾಗವಿದ್ದರೂ 27 ಟನ್ ಕಲ್ಲಿಗೆ ಬೇಕಾದದ್ದು ಹತ್ತೇ ಘನ ಮೀಟರ್. ಮೂರರಲ್ಲಿ ಎರಡು ಪಾಲು ಖಾಲಿ ಹೋದರೂ ಯಾರೂ ಕೊರಗುವುದಿಲ್ಲ. ಇಲ್ಲಿ ಅಳತೆಯ ಜಗಳ ಬಾಡಿಗೆಗಲ್ಲ, ಬೆಲೆಗೆ. ಕ್ವಾರಿಯಿಂದ ಎದ್ದ ಬ್ಲಾಕ್ ಒಂದು ಕಡೆ ಸೊಟ್ಟ, ಒಂದು ಕಡೆ ಮುರುಕು, ಒಂದು ಮೂಲೆಯಲ್ಲಿ ಬಿರುಕು. ಹೊರ ಅಳತೆಯೊಂದು, ಕೊಳ್ಳುವವನು ಒಪ್ಪುವ ಅಳತೆಯೊಂದು. ಪ್ರತಿ ಬದಿಗೂ ಕೆಲವು ಸೆಂಟಿಮೀಟರ್ ಕಳೆದು ನಿವ್ವಳ ಅಳತೆ ಹಿಡಿಯುತ್ತಾರೆ. ಎಷ್ಟು ಕಳೆಯಬೇಕು ಎಂಬಲ್ಲಿ ಮಾರುವವನಿಗೂ ಕೊಳ್ಳುವವನಿಗೂ ಅರ್ಧ ದಿನ ಹೋಗುತ್ತದೆ. ಒಳಗಿಂದ ಎಷ್ಟು ದೊಡ್ಡ ನೇರ ತುಂಡು ಹೊರಡುತ್ತದೆ ಎಂಬುದೇ ಅಲ್ಲಿನ ಪ್ರಶ್ನೆ. ಹೂವಿನವರು ಹೊರಗಿನ ಚಿಕ್ಕ ಪೆಟ್ಟಿಗೆ ಹುಡುಕಿದರೆ ಕಲ್ಲಿನವರು ಒಳಗಿನ ದೊಡ್ಡ ಪೆಟ್ಟಿಗೆ ಹುಡುಕುತ್ತಾರೆ. ಕೊಯ್ದು ಹೊಳಪು ಕೊಟ್ಟ ಸ್ಲ್ಯಾಬ್ ಮರದ ಚೌಕಟ್ಟಿನಲ್ಲಿ ನಿಂತು ಹೋಗುತ್ತದೆ. ಆ ಮರವನ್ನು ಒಳತಿರುಳಿನವರೆಗೆ 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇಟ್ಟಿರಬೇಕು, ಇಲ್ಲವೇ ಅಂತರರಾಷ್ಟ್ರೀಯ ನಿಯಮ ಒಪ್ಪಿದ ಬೇರೆ ಚಿಕಿತ್ಸೆ ಮಾಡಿಸಿರಬೇಕು. ಮರದ ಮೇಲೆ ಚಿಕಿತ್ಸೆಯ ಮುದ್ರೆ ಕಾಣದಿದ್ದರೆ ಬಂದರಿನಲ್ಲೇ ತಡೆಯುತ್ತಾರೆ.

ಪೆಟ್ಟಿಗೆ ಗೊತ್ತಾದ ಮೇಲೆ ಅದು ಏರುವ ಪ್ಯಾಲೆಟ್ಟಿನ ಅಳತೆಯೂ ಗೊತ್ತಿರಬೇಕು. 1200 × 1000 ಮಿಲಿಮೀಟರ್ ಪ್ಯಾಲೆಟ್ ಎರಡನ್ನು ಉದ್ದ ಬದಿಯಿಂದ ಅಕ್ಕಪಕ್ಕ ಇಟ್ಟರೆ 240 ಸೆಂಟಿಮೀಟರ್, ಕಂಟೇನರ್ 235. ಐದು ಸೆಂಟಿಮೀಟರ್ ಕೊರತೆಯಿಂದ 20 ಅಡಿ ಕಂಟೇನರಿನಲ್ಲಿ ಹತ್ತೇ ಪ್ಯಾಲೆಟ್, ಅದೂ ಅಡ್ಡ ಉದ್ದ ಬದಲಿಸಿ. ಕಂಟೇನರ್ ಹುಟ್ಟಿದ್ದು ಅಮೆರಿಕದ ಅಡಿಗಳಲ್ಲಿ, ಪ್ಯಾಲೆಟ್ ಮೀಟರಿನಲ್ಲಿ. ಎರಡು ಅಳತೆಗಳ ವೈಮನಸ್ಯಕ್ಕೆ ಇವತ್ತಿಗೂ ಎಲ್ಲರೂ ತೆರುತ್ತಿದ್ದಾರೆ. ರಟ್ಟಿನ ಪೆಟ್ಟಿಗೆಯ ಬಲವೆಲ್ಲ ನಾಲ್ಕು ಲಂಬ ಮೂಲೆಗಳಲ್ಲಿ. ಪ್ಯಾಲೆಟ್ಟಿನ ಅಂಚಿನಿಂದ ಒಂದಂಗುಲ ಹೊರಚಾಚಿದರೂ ಆ ಮೂಲೆಗಳಿಗೆ ಆಸರೆ ತಪ್ಪುತ್ತದೆ. ತೇವಕ್ಕೆ ರಟ್ಟು ಮೆತ್ತಗಾಗುತ್ತದೆ. ತಂಪು ಕೋಣೆಯಿಂದ ಬರುವ ಹೂವಿನ ಪೆಟ್ಟಿಗೆಗೆ ಈ ಅಪಾಯ ಹೆಚ್ಚು.

ಯಂತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಗೋದಾಮುಗಳಲ್ಲಿ ಲೇಸರ್ ಮತ್ತು ಕ್ಯಾಮೆರಾಗಳು ಬೆಲ್ಟಿನ ಮೇಲೆ ಹೋಗುವ ಪಾರ್ಸೆಲ್ಲನ್ನು ಕ್ಷಣದಲ್ಲಿ ಅಳೆದು ತೂಗುತ್ತವೆ. ಆದರೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಬಂಚು, ಕ್ರೋಮ್ ಹೊಳಪಿನ ಸೈಲೆನ್ಸರ್, ಪಾಲಿಷ್ ಮಾಡಿದ ಕಲ್ಲು ಬೆಳಕನ್ನು ಎಲ್ಲೆಲ್ಲಿಗೋ ಹೊರಳಿಸುತ್ತವೆ. ಈ ಸೀಮೆಯ ಸರಕೇ ಆ ಕಣ್ಣಿಗೆ ಕಷ್ಟದ್ದು. ಬೇರೆ ಬೇರೆ ಅಳತೆಯ ಪೆಟ್ಟಿಗೆಗಳನ್ನು ಲಾರಿಗೆ ತುಂಬುವ ಅತ್ಯುತ್ತಮ ಕ್ರಮವನ್ನು ಲೆಕ್ಕ ಹಾಕುವುದು ಕಂಪ್ಯೂಟರಿಗೂ ಬಲು ಕಠಿಣ. ಆದರೆ ಹಮಾಲರು ಮೊದಲಿನಿಂದ ಮಾಡುತ್ತಿರುವಂತೆ ದೊಡ್ಡದನ್ನು ಮೊದಲು ಹಾಕಿ, ಸಣ್ಣದನ್ನು ಸಿಕ್ಕ ಮೊದಲ ಸಂದಿಗೆ ಸೇರಿಸುತ್ತ ಹೋದರೆ ಹೇಗಿರುತ್ತದೆ? ಒಂದೇ ಅಳತೆಯನ್ನು ಲೆಕ್ಕಕ್ಕೆ ಹಿಡಿದ ಸರಳ ರೂಪದಲ್ಲಿ, ಅತ್ಯುತ್ತಮಕ್ಕೆ ಬೇಕಾಗುವ ಡಬ್ಬಿಗಳಿಗಿಂತ ಸರಿಸುಮಾರು ಶೇ. 22ಕ್ಕಿಂತ ಹೆಚ್ಚು ಬೇಕಾಗುವುದಿಲ್ಲ ಎಂದು 1970ರ ದಶಕದಲ್ಲೇ ಸಾಧಿಸಲಾಗಿದೆ.

ಹೊಸೂರಿನ ಸಣ್ಣ ಉದ್ಯಮಿಗಳು, ತೋಟದಿಂದ ನೇರ ಗಿರಾಕಿಗೆ ಹಣ್ಣು ಕಳಿಸಲು ಹೊರಟ ರೈತರು, ಮಹಿಳಾ ಸಂಘದವರು ಸಾವಿರ ರಟ್ಟಿನ ಪೆಟ್ಟಿಗೆಗೆ ಆರ್ಡರ್ ಕೊಡುವ ಮುನ್ನ ಒಂದೇ ಒಂದನ್ನು ತಂದು ತುಂಬಿ ನೋಡಲಿ. ಒಂದು ಸರಕನ್ನಲ್ಲ, ಒಂದು ಪೆಟ್ಟಿಗೆಗೆ ಸೇರುವಷ್ಟನ್ನೂ ತುಂಬಿ, ತಿರುಗಿಸಿ, ತಲೆಕೆಳಗು ಮಾಡಿ ಜೋಡಿಸಿ ನೋಡಲಿ. ಅಂಟು ಹಾಕಿ, ಪಟ್ಟಿ ಬಿಗಿದು, ತಕ್ಕಡಿಗೆ ಇಟ್ಟು, 167 ಕಿಲೋದ ಗೆರೆಯ ಯಾವ ಕಡೆ ಬಂತು ಎಂದು ಲೆಕ್ಕ ಹಾಕಲಿ. ಈಚೆ ಬಂದರೆ ಎತ್ತರ ಇಳಿಸುವ ದಾರಿ ಹುಡುಕಲಿ, ಆಚೆ ಹೋದರೆ ಪೆಟ್ಟಿಗೆಯನ್ನು ಬಿಟ್ಟು ಸರಕಿನ ರಕ್ಷಣೆಯ ಕಡೆ ಗಮನ ಕೊಡಲಿ. ಅಳೆಯುವಾಗ ಟೇಪನ್ನು ಪೆಟ್ಟಿಗೆ ಉಬ್ಬಿದ ಕಡೆಯೇ ಇಡಿ. ಅಂಗಡಿಯವನು ಹೇಳಿದ ಸೈಜಿಗೆ ಬಿಲ್ಲು ಬರುವುದಿಲ್ಲ, ಆ ಉಬ್ಬಿಗೆ ಬರುತ್ತದೆ.